ಅತ್ತಿಗೆ ಕತ್ತರಿಸಿದ ಗಾಜು

ಆ ಗಾಜಿನ ಅಂಗಡಿಯಲ್ಲಿ ಎಲ್ಲರಿಗೂ ಅವಳು ಅತ್ತಿಗೆ. ನಿಜಕ್ಕೂ ಅತ್ತಿಗೆಯಾಗಬೇಕಾದದ್ದು ಅಂಗಡಿಯ ಯಜಮಾನನೊಬ್ಬನಿಗೆ ಮಾತ್ರ; ಅವನ ತೀರಿಹೋದ ಅಣ್ಣನ ಹೆಂಡತಿ ಅವಳು. ಆದರೆ ಮೈದುನ ದಿನಕ್ಕೆ ನೂರು ಸಲ ಅತ್ತಿಗೆ, ಅತ್ತಿಗೆ ಎಂದು ಕೂಗುವುದನ್ನು ಕೇಳಿ ಕೇಳಿ ಗಾಜು ಹೊರುವವನು, ಲಾರಿಯವನು, ಕಿಟಕಿ ಮಾಡುವ ಬಡಗಿಗಳು, ಕೊನೆಗೆ ಅವಳಿಗಿಂತ ವಯಸ್ಸಾದ ಗಿರಾಕಿಗಳೂ ಹಾಗೇ ಕರೆಯತೊಡಗಿದ್ದರು. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು. ಅದು ತಲೆಗೆ ಪೆಟ್ಟು ಬಿದ್ದ ಮೇಲೆ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಎಲ್ಲರೂ ಇದನ್ನು ಮರೆತರು.

ಅಂಗಡಿಯ ಹಿಂಭಾಗದಲ್ಲಿ ದಪ್ಪ ಕಂಬಳಿ ಹೊದಿಸಿದ ದೊಡ್ಡ ಮೇಜೊಂದಿದೆ. ಗಂಡ ಹಾಸಿಗೆ ಹಿಡಿದ ವರ್ಷ ಅವನ ಕಟರನ್ನು ಕೈಗೆತ್ತಿಕೊಂಡು ಅವಳು ಆ ಮೇಜಿನ ಮುಂದೆ ನಿಂತವಳು, ಆಮೇಲೆ ಬಿಟ್ಟುಕೊಡಲಿಲ್ಲ. ಮೈದುನ ಗಿರಾಕಿಯ ಮನೆಗೆ ಹೋಗಿ ಕಿಟಕಿ ಅಳೆದು ಬರುತ್ತಾನೆ, ಇವಳು ಕತ್ತರಿಸುತ್ತಾಳೆ. ಗಾಜು ಚೌಕಟ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು, ಇಲ್ಲದಿದ್ದರೆ ಕೂರುವುದಿಲ್ಲ. ಆ ಕೂದಲೆಳೆಯನ್ನು ಯಾರು ಕಳೆಯಬೇಕು ಎನ್ನುವುದರಲ್ಲಿ ಒಂದೊಂದು ಅಂಗಡಿಯದು ಒಂದೊಂದು ಪದ್ಧತಿ. ಇಲ್ಲಿ ಅಳೆದವರೇ ಕಳೆದು ಸೀಮೆಸುಣ್ಣದಲ್ಲಿ ಮೇಜಿನಂಚಿಗೆ ಬರೆಯಬೇಕು. ಕತ್ತರಿಸುವವರು ಬರೆದದ್ದನ್ನು ಬರೆದ ಹಾಗೇ ಕತ್ತರಿಸಬೇಕು. ಇಬ್ಬರೂ ಕಳೆದರೆ ಗಾಜು ಚೌಕಟ್ಟಿನೊಳಗೆ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತದೆ. ಅಂಥ ಗಾಜಿಗೆ ಹಿತ್ತಿಲಿನ ಒಡಕು ಗಾಜಿನ ಡ್ರಮ್ಮೇ ಗತಿ.

ಇಷ್ಟು ವರ್ಷ ಗಾಜಿನ ನಡುವೆ ಬದುಕಿದವಳಿಗೆ ಗಾಜು ಏನೂ ಮಾಡಲಿಲ್ಲ, ಮಾಡಿದ್ದು ಕಬ್ಬಿಣ. ಕೆಳಗೆ ಬಿದ್ದ ಒರೆಸುವ ಬಟ್ಟೆ ಎತ್ತಿಕೊಳ್ಳಲು ಬಗ್ಗಿದಳು, ಯಾರೋ ಕರೆದರೆಂದು ಧಡಕ್ಕನೆ ಎದ್ದಳು, ಗಾಜು ನಿಲ್ಲಿಸುವ ಸ್ಟ್ಯಾಂಡಿನ ಅಡ್ಡಪಟ್ಟಿ ನೆತ್ತಿಗೆ ಬಡಿಯಿತು. ರಕ್ತ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ರಕ್ತ ಕಂಡರೆ ಜನ ನಂಬುತ್ತಾರೆ.

ಸಂಜೆ ವಾಂತಿಯಾಯಿತು. ಮಾರನೇ ದಿನ ಮಗಳ ಹೆಸರು ನಾಲಿಗೆಗೆ ಬರಲಿಲ್ಲ. ಆಸ್ಪತ್ರೆಯಲ್ಲಿ ತಲೆಯನ್ನು ದೊಡ್ಡ ಯಂತ್ರದೊಳಗೆ ತೂರಿಸಿ ಫೋಟೋ ತೆಗೆದರು. ಗುಡ್ಡ ಅಗೆದು ಇಲಿ ಹಿಡಿದರು ಅನ್ನೋಣವೆಂದರೆ ಇಲಿಯೂ ಸಿಗಲಿಲ್ಲ. "ಫೋಟೋದಲ್ಲಿ ಏನೂ ಇಲ್ಲಮ್ಮ. ಆದರೆ ಮಿದುಳು ಒಳಗೇ ಅಲುಗಾಡಿದೆ, ಅದು ಫೋಟೋದಲ್ಲಿ ಕಾಣಲ್ಲ. ಕೆಲವರಿಗೆ ಬೇಗ ಹೋಗುತ್ತೆ, ಕೆಲವರಿಗೆ ತಿಂಗಳುಗಟ್ಟಲೆ ಎಳೆಯುತ್ತೆ. ಬೆಳಕು, ಸದ್ದು, ಅವಸರ ಮೂರೂ ಬೇಡ," ಎಂದರು ಡಾಕ್ಟರು. ಒಳ್ಳೆಯ ಮನುಷ್ಯ. ಬೆಳಕು, ಸದ್ದು, ಅವಸರ ಮೂರೂ ಇಲ್ಲದ ಕೆಲಸ ಯಾವುದು ಅಂತ ಮಾತ್ರ ಹೇಳಲಿಲ್ಲ.

ಮನೆಯಲ್ಲಿ ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಮಲಗಿದಳು. ನೋಡಲು ಬಂದವರಿಗೆಲ್ಲ ತಲೆಗೆ ಪೆಟ್ಟು ಬಿದ್ದ ಒಬ್ಬೊಬ್ಬ ಮಾವ ಇದ್ದ, ಆ ಮಾವಂದಿರೆಲ್ಲ ಎರಡೇ ದಿನಕ್ಕೆ ಎದ್ದು ಓಡಾಡಿದ್ದರು. "ನೋಡೋಕೆ ಚೆನ್ನಾಗೇ ಇದ್ದೀರಲ್ಲ," ಎಂದಳು ಪಕ್ಕದ ಮನೆಯವಳು. ಚೆನ್ನಾಗಿ ಕಾಣುವುದೇ ತಾನು ಮಾಡಿದ ಅಪರಾಧವೇನೋ ಎಂಬಂತೆ ಅತ್ತಿಗೆಗೆ ಮೈಯೆಲ್ಲ ಉರಿಯಿತು. ಸ್ಟೀಲ್ ತಟ್ಟೆಯ ಮೇಲೆ ಚಮಚ ಬಿದ್ದರೆ ತಲೆಯೊಳಗೆ ಮೊಳೆ ಹೊಡೆದಂತಾಗುತ್ತಿತ್ತು. ಹೇಳಿದರೆ ಜನ ಪಾಪ ಅನ್ನುತ್ತಿದ್ದರು, ಹಾಗೆನ್ನುತ್ತಲೇ ಕುರ್ಚಿಯನ್ನು ಕರಕರ ಎಳೆದು ಕೂರುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಉರಿಸಿದವಳು ಮಗಳು. ಬಸ್ ನಿಲ್ದಾಣದ ಕೌಂಟರಿನಲ್ಲಿ ಟಿಕೆಟ್ ಕೊಡುವ ಹುಡುಗಿ, ದಿನವಿಡೀ ಜನರಿಂದ ಬೈಸಿಕೊಂಡು ಬರುವವಳು, ಮನೆಯಲ್ಲಿ ತಾಯಿ ರೇಗಿದರೂ ಅದೇ ಕೌಂಟರಿನ ನಗು ನಗುತ್ತಿದ್ದಳು.

"ಅಮ್ಮ, ಇದು ನೀನಲ್ಲ. ಪೆಟ್ಟು ಮಾತಾಡ್ತಾ ಇದೆ. ಡಾಕ್ಟರೇ ಹೇಳಿದ್ರಲ್ಲ, ಸಿಟ್ಟು ಬರುತ್ತೆ ಅಂತ."

"ನಾನು ಹುಟ್ಟಿದಾಗಿಂದ ಸಿಟ್ಟು ಮಾಡ್ಕೊಂಡೇ ಬಂದಿದೀನಿ ಕಣೇ. ನಿಮ್ಮಪ್ಪನ್ನ ಕೇಳಿದ್ರೆ ಹೇಳ್ತಿದ್ರು."

"ಸರಿ ಅಮ್ಮ."

ಆ 'ಸರಿ ಅಮ್ಮ' ಅವಳಿಗೆ ಬೈಗುಳಕ್ಕಿಂತ ಕಡೆಯಾಗಿ ಕೇಳಿಸಿತು. ತಲೆ ಹೋಗಲಿ, ತನ್ನ ಸಿಟ್ಟನ್ನೂ ತನ್ನದಲ್ಲ ಅಂದುಬಿಟ್ಟರಲ್ಲ. ಆ ರೋಷದಲ್ಲೇ ಡಾಕ್ಟರಿಗೆ ತಲೆನೋವು ಎಷ್ಟೋ ಕಡಿಮೆಯಾಗಿದೆ ಎಂದು ಸುಳ್ಳು ಹೇಳಿ ಕೆಲಸಕ್ಕೆ ಹೊರಟಳು.

ಅಂಗಡಿಯಲ್ಲಿ ಅವಳನ್ನು ಕಂಡು ಎಲ್ಲರಿಗೂ ಖುಷಿಯಾಯಿತು, ಅತಿಯಾಗಿಯೇ ಆಯಿತು. ಗಾಜು ಹೊರುವವನ ಅಡ್ಡಹೆಸರು ಆನೆ. ಜೋರು ಗಾಳಿ ಬಂದರೆ ಗಾಜಿನ ಜೊತೆ ಅವನನ್ನೂ ಹಿಡಿದುಕೊಳ್ಳಬೇಕು, ಅಂಥ ಕಡ್ಡಿ ಆಸಾಮಿ. ಅದಕ್ಕೇ ಆ ಹೆಸರು. ಇಡೀ ದಿನ ಬಾಯಿ ಮುಚ್ಚದ ಆನೆ ಅವತ್ತು ತುದಿಗಾಲಲ್ಲಿ ಓಡಾಡುತ್ತ ಪಿಸುಮಾತಿನಲ್ಲಿ ಮಾತಾಡಿದ. ಮೈದುನ ಮೇಜಿನ ಮೇಲಿನ ಟ್ಯೂಬ್‌ಲೈಟ್ ಆರಿಸಿದ. ಮೊದಲ ನಾಲ್ಕು ದಿನ ಒಂದು ದವಾಖಾನೆಯ ಕಿಟಕಿಗಳ ಕೆಲಸ ಕೊಟ್ಟ. ಐದನೇ ದಿನ, "ಅತ್ತಿಗೆ, ಫೋಟೋ ಫ್ರೇಮಿನವರದು ದೊಡ್ಡ ಆರ್ಡರ್ ಬಂದಿದೆ. ಚಿಕ್ಕ ಚಿಕ್ಕ ಗಾಜು. ನೀವು ಅದನ್ನ ನೋಡ್ಕೊಳ್ಳಿ, ದೊಡ್ಡದು ನಾನು ಮಾಡ್ತೀನಿ," ಎಂದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳಿದ. ಇವಳೂ ಒಪ್ಪಿಕೊಂಡಳು. ಗೀರು ಎಳೆಯುವಾಗಿನ ಕಿರ್ ಸದ್ದಿಗೇ ಕಣ್ಣಲ್ಲಿ ನೀರು ಬರುತ್ತಿತ್ತು, ಯಾರಿಗೂ ತೋರಿಸದೆ ಭುಜಕ್ಕೆ ಒರೆಸಿಕೊಳ್ಳುತ್ತಿದ್ದಳು.

ಎರಡು ವಾರ ಫೋಟೋ ಗಾಜು ಕತ್ತರಿಸಿದಳು. ಕತ್ತರಿಸಿ, ಕೈ ಕುಯ್ಯದಿರಲಿ ಅಂತ ನಾಲ್ಕೂ ಮೂಲೆಗಳನ್ನು ಕಲ್ಲಿನಿಂದ ಉಜ್ಜಿ ದುಂಡಗೆ ಮಾಡುತ್ತಿದ್ದಳು. ಚೌಕಟ್ಟಿನೊಳಗೆ ಹೋಗುವ ಮೂಲೆಗೆ ಯಾಕೆ ಉಪಚಾರ ಎಂದು ಉಳಿದವರು ಯಾರೂ ಉಜ್ಜುವುದಿಲ್ಲ. ಅದು ಅವಳೊಬ್ಬಳ ಅಭ್ಯಾಸ.

ಅವತ್ತು ಮಧ್ಯಾಹ್ನ ಊಟ ಮುಗಿಸಿ ಹಿತ್ತಿಲ ಕಡೆ ಕೈ ತೊಳೆಯಲು ಹೋದಳು. ಒಡಕು ಗಾಜು ತುಂಬುವ ದೊಡ್ಡ ಡ್ರಮ್ ಇರುವುದು ಅಲ್ಲೇ. ಮೇಲೆ ಗೋಣಿಚೀಲ ಮುಚ್ಚಿತ್ತು. ಡ್ರಮ್ಮಿಗೆ ಗೋಣಿ ಮುಚ್ಚುವ ಮಡಿವಂತಿಕೆ ಯಾವಾಗಿನಿಂದ ಶುರುವಾಯಿತು ಎಂದುಕೊಂಡು ಎತ್ತಿದಳು. ಒಳಗೆ ಚಿಕ್ಕ ಚಿಕ್ಕ ಗಾಜುಗಳು, ಒಂದೂ ಒಡೆದಿಲ್ಲ, ಒಂದರ ಮೇಲೊಂದು ಅಂದವಾಗಿ ಜೋಡಿಸಿದ್ದಾರೆ. ಒಂದನ್ನು ಎತ್ತಿ ಮೂಲೆ ಸವರಿದಳು. ದುಂಡಗಿತ್ತು. ಇನ್ನೊಂದು ಎತ್ತಿದಳು. ಅದೂ ದುಂಡಗಿತ್ತು. ಎರಡು ವಾರದ ದುಡಿಮೆ ಅಲ್ಲಿ ಸುಖವಾಗಿ ಮಲಗಿತ್ತು.

ಅವಳಿಗೆ ಮೊದಲು ಅರ್ಥವಾದದ್ದು ಫೋಟೋ ಫ್ರೇಮಿನ ಆರ್ಡರೇ ಇಲ್ಲ ಎಂಬುದು. ಆಮೇಲೆ ಹೊಳೆದದ್ದು ಇನ್ನೂ ಕೆಟ್ಟದ್ದು. ಆ ಅಂಗಡಿಯಲ್ಲಿ ಕೆಟ್ಟ ಗಾಜನ್ನು ಒಡೆದೇ ಡ್ರಮ್ಮಿಗೆ ಹಾಕುವುದು, ಇಲ್ಲದಿದ್ದರೆ ಜಾಗ ಸಾಲದು. ಇವನ್ನು ಒಡೆದಿರಲಿಲ್ಲ. ಒಡೆದರೆ ಸದ್ದಾಗುತ್ತದೆ, ಸದ್ದಾದರೆ ಅತ್ತಿಗೆಗೆ ತಲೆ ನೋಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳಿಗೆ ಮೋಸ ಮಾಡುವಾಗಲೂ ಅವಳ ತಲೆನೋವಿನ ಬಗ್ಗೆ ಎಂಥ ಕಾಳಜಿ ತೋರಿಸಿದ್ದರು!

ಒಂದು ಗಾಜು ಹಿಡಿದುಕೊಂಡೇ ಒಳಗೆ ಬಂದಳು. ಮೈದುನ ಮತ್ತು ಆನೆ ಸೇರಿ ದೊಡ್ಡ ಕನ್ನಡಿಯೊಂದನ್ನು ಗೋಡೆಗೆ ಒರಗಿಸುತ್ತಿದ್ದರು.

"ಇದೇನು?"

ಮೈದುನ ಗಾಜು ನೋಡಿದ, ಆನೆಯನ್ನು ನೋಡಿದ. ಆನೆ ಕನ್ನಡಿಯ ಹಿಂದೆ ಸರಿದ.

"ಅತ್ತಿಗೆ, ಕೂತ್ಕೊಳ್ಳಿ ಮೊದಲು."

"ಕೂರಲ್ಲ. ನನಗೇನು ಮಕ್ಕಳ ಥರ ಆಟದ ಸಾಮಾನು ಕೊಟ್ಟು ಕೂರಿಸಿದೀರಾ? ದಿನಾ ಬೆಳಿಗ್ಗೆ ತಲೆ ಸಿಡೀತಿದ್ರೂ ಎದ್ದು ಬಸ್ ಹತ್ತಿ ಬರ್ತಿದ್ದೆ. ಯಾತಕ್ಕೆ? ಈ ಡ್ರಮ್ ತುಂಬೋದಕ್ಕಾ?"

"ನಿಮಗೆ ಬೇಜಾರಾಗಬಾರದು ಅಂತ..."

"ನಿಮ್ಮಣ್ಣನಿಗೂ ಬೇಜಾರಾಗಬಾರದು ಅಂತ ಕೊನೇವರೆಗೂ ಎಲ್ಲ ಸರಿ ಹೋಗುತ್ತೆ ಅಂದೆ ನೀನು. ಅವರು ಮಗಳಿಗೆ ಹೇಳಬೇಕಾದ್ದನ್ನೂ ಹೇಳದೆ ಹೋದ್ರು. ನಿನ್ನ ಒಳ್ಳೇತನ ಒಬ್ಬರನ್ನ ಬಾಯಿ ಕಟ್ಟಿ ಕಳಿಸ್ತು. ಈಗ ನನ್ನ ಕಣ್ಣಿಗೆ ಮಣ್ಣೆರಚೋಕೆ ಹೊರಟಿದೀಯಾ?"

ಈ ಮಾತು ಇಷ್ಟು ವರ್ಷ ಅವಳ ಗಂಟಲಲ್ಲೇ ಇತ್ತು. ಕೋಪದಲ್ಲಿ ಕುಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ. ಅವಳಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಆಡಿದಳು. ಮೈದುನನ ಮುಖ ಬಿಳಿಚಿತು. ಕೆಳಗೆ ನೋಡುತ್ತ ಹೇಳಿದ.

"ದವಾಖಾನೆ ಕಿಟಕಿ ಕತ್ತರಿಸಿದ್ರಲ್ಲ. ಒಂದೂ ಗಟ್ಟಿಯಾಗಿ ಕೂರಲಿಲ್ಲ ಅತ್ತಿಗೆ. ನಾನು ಕಳೆದು ಬರೆದಿದ್ದೆ, ನೀವು ಮತ್ತೆ ಕಳೆದಿದ್ರಿ. ಎಲ್ಲಾನೂ ಚಿಕ್ಕದಾಯ್ತು. ಎಲ್ಲಾನೂ ನಾನು ಬೇರೆ ಮಾಡಿ ಹಾಕಿ ಬಂದೆ."

"ಸುಳ್ಳು."

"ಸುಳ್ಳಲ್ಲ."

"ನಾನು ಈ ಮೇಜಿಗೆ ಬಂದಾಗಿಂದ ಬರೆದದ್ದನ್ನ ಬದಲಾಯಿಸಿದೀನಾ? ನೀನು ಅಳೆಯೋದು ಕಲಿತಿದ್ದು ನಾನು ಬಂದ ಮೇಲೆ. ಬರಿ ಈಗ. ಯಾವುದಾದ್ರೂ ಒಂದು ಅಳತೆ ಬರಿ."

ಮೈದುನ ಬೇಡ ಎಂದ. ಅವಳು ಟ್ಯೂಬ್‌ಲೈಟ್ ಹಾಕಿದಳು. ಬೆಳಕು ಕಣ್ಣಿಗೆ ಚುಚ್ಚಿತು, ಆದರೂ ಆರಿಸಲಿಲ್ಲ. ಅವನು ಮೇಜಿನಂಚಿಗೆ ಅಳತೆ ಬರೆದ. ಆನೆ ಒಂದು ಹಾಳೆ ಗಾಜು ತಂದು ಕಂಬಳಿಯ ಮೇಲೆ ಮಲಗಿಸಿದ. ಅವಳು ಅಳತೆ ಓದಿದಳು, ಪಟ್ಟಿ ಇಟ್ಟಳು, ಉಸಿರು ಹಿಡಿದು ಕಟರ್ ಎಳೆದಳು. ಗೀರು ಒಂದೇ ಸಮನಾಗಿ ಬಂತು. ಬೆರಳಿಟ್ಟು ಒತ್ತಿದಳು, ಗಾಜು ಚಕ್ಕೆ ಏಳದೆ ನೇರವಾಗಿ ಬಿಟ್ಟುಕೊಂಡಿತು. ಕೈ ಮರೆತಿರಲಿಲ್ಲ. ಗೆದ್ದೆ ಅಂದುಕೊಂಡಳು.

"ಅಳೆದು ನೋಡು."

ಮೈದುನ ಟೇಪ್ ಹಿಡಿದ. ಒಂದು ಸಲ ನೋಡಿದ, ಇನ್ನೊಂದು ಸಲ ನೋಡಿದ. ಅವನ ಮುಖದಲ್ಲಿ ಆ ಹಳೇ ಒಳ್ಳೇತನ ಮೂಡುತ್ತಿರುವುದನ್ನು ಅವಳು ಕಂಡಳು. ಅಣ್ಣನ ಹಾಸಿಗೆಯ ಪಕ್ಕ ಕೂತಾಗ ಇರುತ್ತಿದ್ದದ್ದೂ ಇದೇ ಮುಖ.

"ನನ್ನ ಮುಖ ನೋಡಿ ಹೇಳು."

"ಚಿಕ್ಕದಾಗಿದೆ ಅತ್ತಿಗೆ."

ಅವಳು ತಾನೇ ಟೇಪ್ ಕಿತ್ತುಕೊಂಡು ಅಳೆದಳು. ಬರೆದ ಅಳತೆ ಅಲ್ಲೇ ಕಣ್ಣೆದುರಿಗಿತ್ತು. ಅದನ್ನು ಓದಿದ್ದು ನೆನಪಿತ್ತು, ಕಟರ್ ಎಳೆದದ್ದು ನೆನಪಿತ್ತು. ನಡುವೆ ಕೂದಲೆಳೆ ಕಳೆದದ್ದು ಯಾವಾಗ, ಯಾಕೆ, ಒಂದೂ ನೆನಪಿರಲಿಲ್ಲ. ಮೊದಲ ಸಲ ಅವಳಿಗೆ ಹೆದರಿಕೆಯಾಯಿತು. ಹೆದರಿಕೆ ಆದದ್ದಕ್ಕೆ ಇನ್ನೂ ಸಿಟ್ಟು ಬಂತು. ಸ್ಟ್ಯಾಂಡಿನ ಮೇಲೆ, ಫೋಟೋದಲ್ಲಿ ಕಾಣದ ಪೆಟ್ಟಿನ ಮೇಲೆ, ಚೆನ್ನಾಗಿದ್ದೀರಲ್ಲ ಎಂದವಳ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಟೇಪ್ ಹಿಡಿದು ನಿಂತಿದ್ದ ಈ ಮನುಷ್ಯನ ಮೇಲೆ ಬಂತು.

ಕಟರನ್ನು ಸೊಂಟಕ್ಕೆ ಸಿಕ್ಕಿಸಿ, ಗಾಜನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಡ್ರಮ್ಮಿನ ಅಂಚಿಗೆ ಬಡಿದಳು. ಅವಳ ಬದಲು ಆನೆ ಎರಡೂ ಕಿವಿ ಮುಚ್ಚಿಕೊಂಡ. ಸದ್ದು ಅವಳ ತಲೆಯೊಳಗೆ ಈ ಕಿವಿಯಿಂದ ಆ ಕಿವಿಗೆ ಹಾದುಹೋಯಿತು. ಗೋಡೆ ಹಿಡಿದು ನಿಂತಳು. ಆಮೇಲೆ ಇನ್ನೊಂದು ಎತ್ತಿ ಒಡೆದಳು, ಮತ್ತೊಂದು ಒಡೆದಳು.

ಮೈದುನ ಬಂದು ಅವಳ ಮಣಿಕಟ್ಟು ಹಿಡಿದ.

"ಸಾಕು ಬಿಡಿ," ಎಂದು ಕೂಗಿದ. ಎಷ್ಟೋ ದಿನಗಳಿಂದ ಆ ಅಂಗಡಿಯಲ್ಲಿ ಯಾರೂ ದನಿ ಎತ್ತಿರಲಿಲ್ಲ. "ಕಣ್ಣಿಗೆ ಚೂರು ಹಾರಿದ್ರೆ ಯಾರು ಹೊಣೆ? ತಲೆ ಸಿಡೀತಿದ್ರೂ ಡಾಕ್ಟರ ಹತ್ರ ಸುಳ್ಳು ಹೇಳಿ ಬಂದೋರು ನೀವು. ನಾನೊಬ್ಬನೇ ಸುಳ್ಳ ಅನ್ನೋ ಹಾಗೆ ಬೈತೀರಲ್ಲ. ಕೊಡಿ ಇಲ್ಲಿ ಆ ಕಟರು."

ಅವಳು ಕೊಡಲಿಲ್ಲ.

"ನನಗೆ ಕೆಲಸ ಇಲ್ವಾ ಹಾಗಾದ್ರೆ?"

"ಇದೆ. ಬೆಳಿಗ್ಗೆ ಹೊತ್ತು ಮಾತ್ರ ಬನ್ನಿ, ಟೇಬಲ್ ಟಾಪುಗಳ ಅಂಚು ಉಜ್ಜಿ. ನಿಜವಾದ ಗಿರಾಕಿ, ನಿಜವಾದ ಗಾಜು. ಕೆಟ್ಟರೆ ನಿಮ್ಮ ಮುಂದೇನೇ ಕೆಟ್ಟಿದೆ ಅಂತೀನಿ, ಚೆನ್ನಾಗೇ ಬೈತೀನಿ. ಕತ್ತರಿಸೋ ಮೇಜಿನ ಹತ್ರ ಮಾತ್ರ ಬರೋ ಹಾಗಿಲ್ಲ. ತಿಂಗಳಿಗೊಂದು ಸಲ ಅಳತೆ ಬರೆದು ಕೊಡ್ತೀನಿ. ಸರಿಯಾಗಿ ಕತ್ತರಿಸಿದ ದಿನ ಕಟರ್ ನಿಮ್ಮದು."

"ನನಗೆ ಪರೀಕ್ಷೆನಾ? ನೀನು ಇಡ್ತೀಯಾ?"

"ಹೌದು, ನಿಮಗೇ. ನಾನೇ ಇಡ್ತೀನಿ."

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಅವನೂ ಕಣ್ಣು ತಗ್ಗಿಸಲಿಲ್ಲ. ಕಟರನ್ನು ಅವನ ಅಂಗೈಯಲ್ಲಿ ಕುಕ್ಕಿ ಒಳಗೆ ನಡೆದಳು. ಅಂಚು ಉಜ್ಜುವ ಕಲ್ಲು ಎಲ್ಲಿ ಸತ್ತಿದೆ, ನೀರಿನ ಬಕೆಟ್ ಯಾರು ಎತ್ತಿಟ್ಟರು, ಈ ಅಂಗಡಿಯಲ್ಲಿ ಇಟ್ಟ ಸಾಮಾನು ಇಟ್ಟಲ್ಲಿ ಇರುತ್ತದೆಯಾ ಎಂದು ಬೀದಿಗೆ ಕೇಳುವಂತೆ ಬೈಯುತ್ತ ಮೂಲೆಮೂಲೆ ಹುಡುಕಿದಳು. ತನ್ನ ದನಿಗೇ ತನ್ನ ತಲೆ ಸಿಡಿಯುತ್ತಿತ್ತು. ಮೈದುನ, ನಿಮ್ಮ ಕಾಲ ಬುಡದಲ್ಲೇ ಇದೆ ನೋಡಿ ಅಂತ ಅಷ್ಟೇ ಜೋರಾಗಿ ರೇಗಿದ. ಪೆಟ್ಟು ಬಿದ್ದ ಮೇಲೆ ಅವತ್ತೇ ಮೊದಲು, ಅವಳನ್ನು ಸಮಾಧಾನ ಮಾಡಲು ಯಾರೂ ಬರಲಿಲ್ಲ.