ಲೋಕೇಶ ಇವತ್ತು ಕತ್ತು ತಿರುಗಿಸಲಿಲ್ಲ

ಸ್ನೇಹಿತರೇ, ಇವತ್ತು ಹಾನುಬಾಳಿನ ಕಟಿಂಗ್ ಶಾಪಲ್ಲಿ ಜಗಳವೇ ಆಗೋಯ್ತು ಕಣ್ರೀ. ನಮ್ಮ ಜೀಪ್ ಡ್ರೈವರ್ ಮಂಜಣ್ಣ ಕಟಿಂಗ್ ಆದ ಮೇಲೆ ಎಂದಿನಂತೆ ಕತ್ತು ಸಡಿಲ ಬಿಟ್ಟು ಕೂತ. ಅಂಗಡಿಯ ಲೋಕೇಶ ಎರಡೂ ಕಡೆ ತಿರುಗಿಸಿ ಲಟಕ್ ಅನ್ನಿಸದಿದ್ರೆ ಮಂಜಣ್ಣನಿಗೆ ಕಟಿಂಗ್ ಮುಗಿದಂಗೇ ಅಲ್ಲ.

"ಇನ್ಮೇಲೆ ತಿರುಗ್ಸಲ್ಲ ಅಣ್ಣ," ಅಂದ ಲೋಕೇಶ. "ಮೆದುಳಿಗೆ ರಕ್ತ ಹೋಗೋ ನಾಳ ಕತ್ತಲ್ಲೇ ಐತಂತೆ. ಅದು ಹರಿದ್ರೆ ಲಕ್ವ ಹೊಡೀಬೋದು ಅಂತ ಡಾಕ್ಟ್ರು ಬೈದ್ರು."

"ಹತ್ತು ವರ್ಷದಿಂದ ತಿರುಗ್ಸಿದ್ದೀಯಲ್ಲ ಮಾರಾಯ! ವನಗೂರು ರೋಡಲ್ಲಿ ತಲೆ ಹೊರಗಾಕಿ ರಿವರ್ಸ್ ತಗಂಡು ಕತ್ತು ಕಲ್ಲಾಗೈತೆ. ನೀನು ಲಟಕ್ ಅನ್ಸಿದ್ರೇನೇ ನನ್ ಬಿಪಿ ಇಳಿಯೋದು!"

"ಬಿಪಿಗೆ ಆಸ್ಪತ್ರೆ ಐತೆ ಅಣ್ಣ. ನನ್ ಕೈಲಿರೋದು ಕತ್ರಿ."

ಮಂಜಣ್ಣ ಮುಖ ಊದಿಸ್ಕೊಂಡ. ಲೋಕೇಶ ಬಿಸಿನೀರಲ್ಲಿ ಟವೆಲ್ ಹಿಂಡಿ ಅವನ ಕತ್ತಿಗೆ ಸುತ್ತಿ, ಭುಜ ಮೆತ್ತಗೆ ಒತ್ತಿದ. ಐದು ನಿಮಿಷಕ್ಕೆ ಗೊರಕೆ!

ಎಚ್ಚರಾದವನೇ ಕತ್ತು ಆಡಿಸಿ ನೋಡಿ, "ಕೊನೆಗೂ ತಿರುಗ್ಸ್‌ಬುಟ್ಟೆ ನೋಡು! ಎದೆನೂ ಹಗುರಾಗೋಯ್ತು," ಅಂದ.

ಪಕ್ಕದ ಕುರ್ಚಿಲಿ ಕೂತಿದ್ದ ನಾನೂ ಲೋಕೇಶನೂ ಕನ್ನಡಿಯಲ್ಲೇ ಮುಖ ಮುಖ ನೋಡ್ಕೊಂಡ್ವಿ.

ಅವನು ಆ ಖುಷಿಯಲ್ಲಿರೋವಾಗ್ಲೇ ಬಿಪಿ ನೋಡ್ಸೋಕೆ ಅಂತ ಆಸ್ಪತ್ರೆಗೆ ಕರ್ಕೊಂಡು ಬಂದಿದ್ದೀನಿ. ಕತ್ತು ಯಾರೂ ತಿರುಗಿಸಿಲ್ಲ ಅಂತ ಇನ್ನೂ ಹೇಳಿಲ್ಲ. ಬಿಪಿ ನೋಡಿದ ಮೇಲೆ ಹೇಳ್ತೀನಿ, ಮೊದಲೇ ಹೇಳಿದ್ರೆ ಏರ್‌ಬುಡ್ತದೆ.