ಇಳಕಲ್ ಸೀರೆಯ ಮರೆಯಲ್ಲಿದ್ದ ಲಂಗಗಳು

ಗಣಪತಿಯ ಎದುರಿಗೆ, ನೀಲಾಂಜನಗಳು ಉರಿಯುತ್ತಿರುವಾಗಲೇ, ನನ್ನ ಕೈಯೊಳಗಿನ ಆರತಿ ತಟ್ಟೆಯನ್ನು ಕಸಿದುಕೊಳ್ಳಲಾಯಿತು. ಕಸಿದವರು ನಮ್ಮ ಬಿಲ್ಡಿಂಗಿನ ಉತ್ಸವ ಸಮಿತಿಯ ಸೆಕ್ರೆಟರಿ. ಅದಕ್ಕೆ ಅವರು ಕೊಟ್ಟ ಕಾರಣ ನನ್ನ ಒಳಲಂಗ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ವಡಾಲದಲ್ಲಿ ನಡೆದ ಈ ಅನ್ಯಾಯವನ್ನು ಬಹಳ ಮಂದಿ ತಮಾಷೆಯ ಪ್ರಸಂಗವೆಂದು ಹೇಳಿಕೊಂಡು ತಿರುಗಿದ್ದಾರೆ. ತಮಾಷೆ ಇದ್ದದ್ದು ನಿಜ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆದರೆ ನಕ್ಕವಳು ಮರೆತಿರಬೇಕೆಂದು ಯಾರೂ ಭಾವಿಸಬಾರದು.

ನಮ್ಮದು ಮೂರು ಮಜಲಿನ ಕಟ್ಟಡ. ಪ್ರತಿ ಮಜಲಿಗೂ ಒಂದು ಉದ್ದನೆಯ ಗ್ಯಾಲರಿ, ಗ್ಯಾಲರಿಯ ತುಂಬ ಬಟ್ಟೆ ಒಣಗಿಸುವ ತಂತಿಗಳು. ನೆರೆಹೊರೆಯವರಲ್ಲಿ ಹೆಚ್ಚಿನವರು ವಿಜಾಪುರ, ಧಾರವಾಡದ ಕಡೆಯವರು. ಉಡುಪಿ ಕಡೆಯವರೂ ಕೆಲವರಿದ್ದರು. ಕೆಳಗಿನ ಅಂಗಳದಲ್ಲಿ ಗಣಪತಿ ಕೂಡ್ರಿಸುವ ಪದ್ಧತಿ. ಆ ವರ್ಷ ಯಾವ ಮನೆಗೆ ಹೊಸ ಸೊಸೆ ಬಂದಿರುತ್ತಾಳೋ ಅವಳು ಮೊದಲ ಸಂಜೆಯ ಆರತಿ ಬೆಳಗಬೇಕು. ಈ ಮರ್ಯಾದೆ ಒಬ್ಬಳಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ. ಆ ವರ್ಷದ ಹೊಸ ಸೊಸೆ ನಾನು. ಧಾರವಾಡದಿಂದ ಬಂದು, ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟಾಗಿ ಸೇರಿಕೊಂಡಿದ್ದೆ. ಊರಿನಲ್ಲಿದ್ದ ನನ್ನ ತಾಯಿಗೆ ಆರತಿಯ ವಿಷಯ ಆಗಲೇ ಬರೆದು ತಿಳಿಸಿಯೂ ಆಗಿತ್ತು.

ನನ್ನ ತಾಯಿ ಮದುವೆಯಲ್ಲಿ ನನಗೆ ಚಿನ್ನ ಹೆಚ್ಚು ಕೊಡಲಿಲ್ಲ, ಲಂಗಗಳನ್ನು ಕೊಟ್ಟಳು. ತಾನೇ ಕೂತು ಹೊಲಿದ, ಬಿಳಿ ಮಾಂಜರಪಾಟು ಹತ್ತಿಬಟ್ಟೆಯ ಲಂಗಗಳು. ಬಟ್ಟೆ ನೀರಿಗೆ ಬಿದ್ದು ಗಿಡ್ಡಾದರೆ ಬಿಚ್ಚಿಕೊಳ್ಳಲೆಂದು ಅಂಚಿನ ಮೇಲೆ ಒಂದು ಮಡಿಕೆ; ಲಾಡಿ ಎಳೆದಾಗ ಹರಿಯದಿರಲೆಂದು ಸೀಳಿನ ಬುಡದಲ್ಲಿ ಒಂದು ಪುಟ್ಟ ತ್ರಿಕೋನದ ತೇಪೆ; ಲಾಡಿ ಮಾತ್ರ ಗುಲಾಬಿ ಬಣ್ಣದ್ದು. ಜೊತೆಗೆ ಮುಂದೆ ಗಂಟು ಹಾಕಿಕೊಳ್ಳುವ ಬಾಡಿಗಳು. ಆಫೀಸಿನ ಗೆಳತಿಯರು ಅಂಗಡಿಯಲ್ಲಿ ಕೊಂಡ, ಬೆನ್ನಿಗೆ ಕೊಕ್ಕೆಯಿರುವ ಬಾಡಿ ಹಾಕುತ್ತಿದ್ದರು. ನನ್ನ ಗಂಟನ್ನು ಕಂಡು ಒಬ್ಬಳು, "ಇದೇನೇ, ಬುತ್ತಿ ಕಟ್ಟಿಕೊಂಡು ಬಂದಿದ್ದೀಯಾ?" ಎಂದಿದ್ದಳು. ಅದನ್ನೂ ನಾನು ಮರೆತಿಲ್ಲ. ಮುಂದೆ ಅವಳ ಕೊಕ್ಕೆ ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಕಳಚಿಕೊಂಡ ದಿನ, ಕುರ್ಲಾದವರೆಗೂ ಅವಳ ಬೆನ್ನಿಗೆ ಮರೆಯಾಗಿ ನಿಂತವಳು ಈ ಬುತ್ತಿಯವಳೇ.

ನನ್ನ ಅತ್ತೆಯವರಿಗಂತೂ ಲಂಗವೇ ಒಂದು ವಿಚಿತ್ರ. ಅವರು ಆಜನ್ಮ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟವರು. "ಸೀರಿ ಒಳಗ ಇನ್ನೊಂದು ಸೀರಿ ಯಾಕವ್ವಾ? ಯಾರಿಗಿ ಅಂಜಿ ಉಡತೀರಿ?" ಎಂದು ಕೇಳುತ್ತಿದ್ದರು. ಆದರೆ ಒಣಗಿಸುವ ಮಾತು ಬಂದಾಗ ಅವರದು ಕಟ್ಟುನಿಟ್ಟು. ಹೆಂಗಸರ ಒಳಬಟ್ಟೆ ಗಂಡಸರ ಕಣ್ಣಿಗೆ ಬೀಳಕೂಡದು. ತಂತಿಯ ಮೇಲೆ ಅದನ್ನು ಹಾಕಿ ಮೇಲೊಂದು ಸೀರೆ ಹೊದಿಸಬೇಕು. ಬಿಲ್ಡಿಂಗಿನ ಎಲ್ಲ ಮನೆಗಳಲ್ಲೂ ಇದೇ ನಿಯಮ. ಮಳೆಗಾಲದಲ್ಲಿ ಬಿಸಿಲಾಗಲಿ ಗಾಳಿಯಾಗಲಿ ತಾಗದೆ, ಹಸಿ ಹಸಿ ಲಂಗವನ್ನೇ ಉಟ್ಟು ನಾವೆಲ್ಲ ಸೊಂಟ ತುರಿಸಿಕೊಳ್ಳುತ್ತಿದ್ದೆವು. ಪಕ್ಕದಲ್ಲೇ ಗಂಡಸರ ಪಟ್ಟೆಪಟ್ಟೆ ಚಡ್ಡಿಗಳು ಹಗಲಿಡೀ ಬಿಸಿಲು ಕಾಯುತ್ತಿದ್ದವು.

ನಾನು ಉಡುತ್ತಿದ್ದ ನೈಲಾನ್ ಸೀರೆಗಳು ಈ ಕೆಲಸಕ್ಕೆ ಬಾರದವು. ಅವುಗಳ ಕೆಳಗೆ ಲಂಗ ಹಾಕಿದರೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಂತೆ ಕಾಣುತ್ತಿತ್ತು. ಆದ್ದರಿಂದ ಅತ್ತೆಯವರು ತಮ್ಮ ದಪ್ಪ ಇಳಕಲ್ ಸೀರೆಯನ್ನೇ ಎರಡು ಮಡಿಕೆ ಮಾಡಿ, ನನ್ನ ಲಂಗ, ಬಾಡಿಗಳನ್ನು ಆ ಮಡಿಕೆಯ ನಡುವೆ ಇಡುತ್ತಿದ್ದರು. ಗಾಳಿಗೆ ಸರಿದಾವೆಂದು ಅವುಗಳನ್ನು ಸೀರೆಗೇ ಒಳಗಿನಿಂದ ಪಿನ್ನು ಹಾಕಿ ಸಿಕ್ಕಿಸುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಬರೀ ಸೀರೆ.

ಚೌತಿಯ ದಿನ ನನಗೆ ಅರ್ಧ ದಿನದ ರಜೆ ಮಾತ್ರ ಸಿಕ್ಕಿತ್ತು. ನಾನು ಫೋರ್ಟಿನಲ್ಲಿದ್ದಾಗ ಸೆಕ್ರೆಟರಿಯವರು, ಮಂಟಪದ ಹಿಂದೆ ಪರದೆ ಕಟ್ಟಲು ಒಳ್ಳೆಯ ಸೀರೆ ಬೇಕೆಂದು ನಮ್ಮ ಮನೆಗೆ ಬಂದರು. ಹೋಳಿಗೆ ಲಟ್ಟಿಸುತ್ತಿದ್ದ ಅತ್ತೆಯವರು ಒಲೆಯ ಮುಂದಿನಿಂದಲೇ, "ಗ್ಯಾಲರ್‍ಯಾಗ ಐತಿ ನೋಡ್ರಿ, ತಗೊಂಡ ಹೋಗ್ರಿ," ಎಂದರು. ಅವರ ಮನಸ್ಸೆಲ್ಲ ಹೂರಣದ ಮೇಲಿತ್ತು. ಸೆಕ್ರೆಟರಿಯವರು ಮಡಿಕೆ ಬಿಚ್ಚಲಿಲ್ಲ, ಜಾಡಿಸಲಿಲ್ಲ. ತಂತಿಯ ಮೇಲಿಂದ ಹಾಗೆಯೇ ಎತ್ತಿ ಮಂಟಪದ ಹಿಂದಿನ ಹಗ್ಗಕ್ಕೆ ಹಾಗೆಯೇ ಇಳಿಬಿಟ್ಟರು. "ಇಳಕಲ್ ಸೀರಿ ಅಂದ್ರ ಎಷ್ಟ ವಜ್ಜಾ ಇರತೈತಿ ನೋಡ್ರಿ!" ಎಂದು ಜೊತೆಯವರಿಗೆ ಹೇಳಿದ್ದರಂತೆ.

ಸಂಜೆ ನಾನು ಹಸಿರು ರೇಷ್ಮೆ ಉಟ್ಟು, ತಟ್ಟೆ ಹಿಡಿದು ನಿಂತೆ. ಮುಖ್ಯ ಅತಿಥಿಗೆ ಸೆಕೆಯಾಗುತ್ತದೆಂದು ಸಮಿತಿಯವರು ದೊಡ್ಡ ನಿಲುಫ್ಯಾನು ತಂದು ಮಂಟಪದ ಬದಿಗೆ ಇರಿಸಿದ್ದರು. ನಾನು ಮೊದಲ ಸುತ್ತು ಬೆಳಗುವಷ್ಟರಲ್ಲಿ ಫ್ಯಾನು ತಿರುಗಿತು. ಇಳಕಲ್ ಸೀರೆಯ ಮುಂದಿನ ಮಡಿಕೆ ಮೆಲ್ಲಗೆ ಮೇಲೆದ್ದಿತು. ಅದರ ಒಡಲಿನಿಂದ ನನ್ನ ತಾಯಿ ಹೊಲಿದ ಲಂಗ, ಗಾಳಿ ತುಂಬಿಕೊಂಡು ಹಡಗಿನ ಹಾಯಿಯಂತೆ ಉಬ್ಬಿ, ಗಜಾನನನ ಕಿರೀಟದ ಹಿಂದೆ ಅರಳಿ ನಿಂತಿತು. ಗುಲಾಬಿ ಲಾಡಿ ಗಾಳಿಯಲ್ಲಿ ನಲಿದಾಡಿತು. ಅದರ ಪಕ್ಕದಲ್ಲಿ ಎರಡು ಬಾಡಿಗಳು.

ಭಜನೆಯವರ ತಾಳ ತಪ್ಪಿತು. ನಮ್ಮ ಪಕ್ಕದ ಮನೆಯ ಉಡುಪಿಯ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ಮೂಗಿನಿಂದ ಹೊರಬಂತು. ಆಗ ಸೆಕ್ರೆಟರಿಯವರು ಮೈಕಿನಲ್ಲಿ ಆಡಿದ ಮಾತನ್ನು ಅಕ್ಷರ ಬಿಡದೆ ಬರೆಯುತ್ತಿದ್ದೇನೆ: "ಇದು ಮೂರನೇ ಮಜಲಿನ ಹೊಸಾ ಸೊಸಿದು! ನೌಕರಿ ಮಾಡೋ ಹೆಣ್ಮಕ್ಕಳಿಗೆ ಎಲ್ಲಿ ಏನ ಒಣಾಕ ಹಾಕಬೇಕು ಅನ್ನೂ ಖಬರ ಇಲ್ಲ. ದೇವರ ಮುಂದ ಇಂಥಾ ಬೇಶರಮ್ ಕೆಲಸ!" ಹೀಗೆಂದವರೇ ತಟ್ಟೆಯನ್ನು ನನ್ನ ಕೈಯಿಂದ ಕಿತ್ತು ತಮ್ಮ ಹೆಂಡತಿಯ ಕೈಗೆ ಕೊಟ್ಟರು. ನನ್ನ ಯಜಮಾನರು ಸಮಿತಿಯವರ ಸಾಲಿನಲ್ಲಿ ನಿಂತು ತಮ್ಮ ಕಾಲಿನ ಹೆಬ್ಬೆರಳನ್ನು ಪರೀಕ್ಷಿಸುತ್ತಿದ್ದರು.

ಅತ್ತೆಯವರು ಸೊಂಟಕ್ಕೆ ಸೆರಗು ಸಿಕ್ಕಿಸಿ ಎದುರು ಬಂದರು.

"ಏ ತಮ್ಮಾ, ಸೀರಿ ಕೇಳಿದಾವ ನೀ, ಕೊಟ್ಟಾಕಿ ನಾ. ಪಿನ್ನ ಹಾಕಿದಾಕಿನೂ ನಾನ. ಅಕಿ ಆಫೀಸಿನ್ಯಾಗ ಕುಂತಿದ್ಲು. ಬೈಯೂದಿದ್ರ ನನಗ ಬೈ."

"ನೀವು ಹಿರ್‍ಯಾರು ಅಮ್ಮಾರ, ನಿಮಗೇನ ಅನ್ನಂಗಿಲ್ಲ."

"ಹಿರ್‍ಯಾಕಿಗೆ ಅನ್ನಾಕ ಅಂಜಕಿ ಬರತೈತಿ, ಸಣ್ಣಾಕಿ ಕೈಯಾಂದು ಕಸ್ಕೊಳ್ಳಾಕ ಬರೂದಿಲ್ಲೇನು?"

ಸೆಕ್ರೆಟರಿಯವರು ಮೈಕನ್ನು ಭಜನೆಯವರ ಕೈಗೆ ದಾಟಿಸಿದರು. ಆರತಿ ಅವರ ಹೆಂಡತಿಯ ಕೈಯಿಂದಲೇ ಮುಗಿಯಿತು.

ಮರುದಿನ ಬೆಳಿಗ್ಗೆ ಒಳ್ಳೆಯ ಬಿಸಿಲು. ನಾನು ಬಾಗಿಲಿಕ್ಕಿಕೊಂಡು ಒಳಗೇ ಕೂತಿದ್ದೆ. ಅತ್ತೆಯವರು ನನ್ನ ಲಂಗಗಳನ್ನು ಮತ್ತೆ ಒಗೆದು ತಂತಿಯ ಮೇಲೆ ಹರವಿದರು. ಮೇಲೆ ಸೀರೆ ಹೊದಿಸಲಿಲ್ಲ. "ಊರ ಮಂದಿ ನೋಡಿ ಆಗೈತಿ, ಇನ್ನ ಯಾರಿಗಿ ಮುಚ್ಚೂದು?" ಉಡುಪಿಯ ಅಕ್ಕ ಬಂದು ಇಣುಕಿದರು. "ಹೌದಲ್ಲ ಮಾರಾಯ್ತಿ! ಇಷ್ಟು ವರ್ಷ ಒದ್ದೆ ಬಾಡಿ ಹಾಕಿ ತುರಿಸಿಕೊಂಡದ್ದು ಸಾಕು," ಎಂದು ತಮ್ಮವನ್ನೂ ತಂದು ಹಾಕಿದರು. ಗ್ಯಾಲರಿಯ ಆ ತುದಿಯವರು ನೋಡಿದರು, ಕೆಳಗಿನ ಮಜಲಿನವರು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಬಿಲ್ಡಿಂಗಿನ ಮೈತುಂಬ ಬಿಳಿ, ಹಳದಿ, ಕುಂಕುಮ, ನವಿಲು ಬಣ್ಣದ ಲಂಗಗಳು ಪಟಪಟನೆ ಹಾರುತ್ತಿದ್ದವು. ಸಮಿತಿಯವರು ಕಟ್ಟಿದ್ದ ಕಾಗದದ ತೋರಣ ಅವುಗಳ ಮುಂದೆ ಸಪ್ಪೆಯಾಗಿ ಕಂಡಿತು. ನಾನು ಬಾಗಿಲು ತೆರೆದು ಹೊರಗೆ ಬಂದೆ.

ಮಂಟಪದಲ್ಲಿ ಹಾರಿದ ಆ ಒಂದು ಲಂಗ ಮಾತ್ರ ನಮ್ಮ ಮನೆಗೆ ಮರಳಿರಲಿಲ್ಲ. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ ಅದನ್ನು ಸೆಕ್ರೆಟರಿಯವರ ಹೆಂಡತಿಯೇ ತಂದರು. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ್ದರು. ಸೆರಗಿನಲ್ಲಿ ಮುಚ್ಚಿಕೊಂಡು ತರದೆ, ಎಲ್ಲರಿಗೂ ಕಾಣುವಂತೆ ತೋಳಿನ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. "ತ್ರಿಕೋನದ ತೇಪಿ ಭಾಳ ಚೊಲೋ ಐತಿ. ನನಗೂ ಕಲಿಸ್ತೀರೇನು?" ಎಂದರು. ಕಲಿಸಿದೆ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಅದೇ ಚಳಿಗಾಲದಲ್ಲಿ ಅತ್ತೆಯವರೂ ಕದ ಹಾಕಿಕೊಂಡು ನನ್ನ ಲಂಗವೊಂದನ್ನು ಉಟ್ಟು ನೋಡಿದರು. ಗಿರ್ರನೆ ಒಂದು ಸುತ್ತು ತಿರುಗಿ, "ಒಳಗ ಗಾಳಿ ಆಡತೈತೆಲ್ಲ, ಇದನ್ನ ಇಷ್ಟ ದಿವಸ ಯಾಕ ಹೇಳಲಿಲ್ಲಾ?" ಎಂದು ನನ್ನನ್ನೇ ಗದರಿದರು.

ಮುಂದಿನ ವರ್ಷ ಸಮಿತಿ ಸೀರೆ ಕೇಳಲು ಮನೆಮನೆಗೆ ಬಂತು. "ಅಕಿ ಆರತಿ ಅಕಿಗಿ ಕೊಡ್ರಿ, ಸೀರಿ ಒಯ್ರಿ," ಎಂದು ಪ್ರತಿ ಬಾಗಿಲಲ್ಲೂ ಒಂದೇ ಮಾತು. ಆ ವರ್ಷದ ಹೊಸ ಸೊಸೆ ಬೇರೊಬ್ಬಳು ಬಂದಿದ್ದಾಳೆ, ಪದ್ಧತಿ ಮುರಿಯಲಾಗದು ಎಂದು ಸೆಕ್ರೆಟರಿಯವರು ಹೇಳಿದರು. ಗಣಪತಿ ಆ ಸಲ ಗಂಡಸರ ಧೋತರಗಳ ಮುಂದೆ ಕುಳಿತ. ತೂಗುಹಾಕುವ ಮೊದಲು ಸೆಕ್ರೆಟರಿಯವರು ಒಂದೊಂದು ಧೋತರವನ್ನೂ ಜಾಡಿಸಿ ಜಾಡಿಸಿ ನೋಡುತ್ತಿದ್ದುದನ್ನು ಕಂಡು, ಮೂರೂ ಗ್ಯಾಲರಿಗಳ ಹೆಂಗಸರು ಬಗ್ಗಿ ಬಗ್ಗಿ ನಕ್ಕೆವು.

ಬಿಸಿಲು ನಮ್ಮದಾಯಿತು, ತಂತಿ ನಮ್ಮದಾಯಿತು. ಆರತಿ ಮಾತ್ರ ಬಾಕಿ ಉಳಿಯಿತು. ನಾನು ಬೆಳಗಿದ್ದು ಒಂದೇ ಸುತ್ತು. ಊರಿಗೆ ಹೋದಾಗ "ಆರತಿ ಹೆಂಗಾತು?" ಎಂದು ಕೇಳಿದ ತಾಯಿಗೆ, "ನೀ ಹೊಲಿದ ಲಂಗಾನೂ ಬಂದಿತ್ತು ನೋಡವ್ವಾ," ಎಂದು ಹೇಳಿ ನಗಿಸಿದೆ, ತಟ್ಟೆಯ ಮಾತು ಹೇಳಲಿಲ್ಲ.

ಆ ಸಮಿತಿಯ ಮಹನೀಯರಲ್ಲಿ ಕೆಲವರು ಇಂದಿಗೂ ಗಟ್ಟಿಯಾಗಿದ್ದಾರೆ, ಇದನ್ನು ಓದುತ್ತಾರೆಂದೂ ಬಲ್ಲೆ. ಆದ್ದರಿಂದ ಕೇಳುತ್ತೇನೆ: ಸೀರೆ ಬೇಡಿದ ಬಾಯಿ ನಿಮ್ಮದು, ಜಾಡಿಸದೆ ಒಯ್ದ ಕೈ ನಿಮ್ಮದು, ಫ್ಯಾನು ನಿಮ್ಮದು. ಹೀಗಿರುವಾಗ ನನ್ನ ಉಳಿದ ಸುತ್ತುಗಳ ಆರತಿಯನ್ನು ನನ್ನ ಕೈಗೆ ಯಾವಾಗ ಹಿಂದಿರುಗಿಸುತ್ತೀರಿ?