ಐದೇ ನಿಮಿಷ, ನಿಂತ್ಕೊಳ್ಳಿ ಮೇಡಂ

ನಮ್ಮ ಇಸ್ತ್ರಿ ಅಂಕಲ್ ಅವರ ಬಲ ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ. ವರ್ಷಗಟ್ಟಲೆ ಕೆಂಡದ ಪೆಟ್ಟಿಗೆಯ ಝಳಕ್ಕೆ ಸುಟ್ಟು ನುಣುಪಾಗಿದ್ದ ಆ ಕೈ, ಎಡಗೈ ಪಕ್ಕದಲ್ಲಿ ಬೇರೆ ಯಾರದೋ ಅನ್ನಿಸುತ್ತಿತ್ತು. ಜೆ.ಪಿ. ನಗರದ ನಮ್ಮ ಅಡ್ಡರಸ್ತೆಯ ಹೊಂಗೆಮರದಡಿ ಅವರ ತಳ್ಳುಗಾಡಿ, ಅದರ ಪಕ್ಕ ಒಂದು ಕಲ್ಲುಬೆಂಚು. ಅವರ ಮೇಲೆ ನನಗಿದ್ದದ್ದು ಒಂದೇ ದೂರು: ಹೇಳಿದ ಹೊತ್ತಿಗೆ ಬಟ್ಟೆ ಕೊಡುತ್ತಿರಲಿಲ್ಲ.

ನಾನು ಮೊದಲೇ ಮುಂಗೋಪಿ. ಆ ದಿನಗಳಲ್ಲಂತೂ ಮುಟ್ಟಿದರೆ ಸಿಡಿಯುತ್ತಿದ್ದೆ. ಮನೆಗಳ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದವಳು, ಅತ್ತೆ ಹಾಸಿಗೆ ಹಿಡಿದಾಗ ಬಿಟ್ಟಿದ್ದೆ. ಆರು ವರ್ಷ ಕಳೆದು ಅವರು ತೀರಿಹೋದ ಮೇಲೆ ಮತ್ತೆ ಕೆಲಸ ಹುಡುಕಲು ಹೊರಟರೆ, ಒಬ್ಬರು ‘ಇಷ್ಟು ವರ್ಷ ಗ್ಯಾಪ್ ಯಾಕೆ?’ ಅಂದರು, ಉಳಿದವರು ಉತ್ತರವನ್ನೇ ಕೊಡಲಿಲ್ಲ. ‘ನಿಧಾನಕ್ಕೆ ಸಿಗುತ್ತೆ ಬಿಡು’ ಎಂದು ಗಂಡ ಸಮಾಧಾನ ಹೇಳುತ್ತಿದ್ದರು. ನನಗೋ, ಇನ್ನು ಸಿಗುವುದೇ ಇಲ್ಲವೇನೋ ಎಂಬ ಭಯ.

ಒಂದು ಮಳೆಯ ಸಂಜೆ ಗಾಡಿಯ ಮೇಲಿನ ಟಾರ್ಪಾಲಿನಿಂದ ನೀರು ದಬದಬನೆ ನನ್ನ ಕುರ್ತಾದ ಮೇಲೇ ಸುರಿಯಿತು. ರೇಗಿಹೋಯಿತು. ಅಂಕಲ್ ಇಟ್ಟಿದ್ದ ಹಳೇ ಪೇಪರೊಂದನ್ನು ಎಳೆದುಕೊಂಡು, ಕೋಲು ಎಲ್ಲಿ ನೆಡಬೇಕು, ಟಾರ್ಪಾಲು ಎತ್ತ ಇಳಿಜಾರಾಗಿರಬೇಕು ಎಂದು ಗೀಚಿಕೊಟ್ಟೆ.

‘ಇದೆಲ್ಲ ಹೆಂಗೆ ಗೊತ್ತು ಮೇಡಂ ನಿಮಗೆ?’

‘ಮೊದ್ಲು ಅದೇ ಕೆಲ್ಸ ಅಂಕಲ್. ಈಗ ಯಾರೂ ಕರೀತಿಲ್ಲ.’

ಅವರು ಆ ಪೇಪರನ್ನು ನಾಲ್ಕು ಮಡಿಕೆ ಮಾಡಿ ಗಾಡಿಯ ಹಾಸಿನ ಕೆಳಗೆ ಸೇರಿಸಿದರು.

ಆಮೇಲೆ ಶುರುವಾಯಿತು ನೋಡಿ, ಪ್ರತಿ ಶನಿವಾರ ಒಂದೇ ರಾಗ. ‘ಐದೇ ನಿಮಿಷ, ನಿಂತ್ಕೊಳ್ಳಿ ಮೇಡಂ.’ ಅದೇ ಹೊತ್ತಿಗೆ ಕಲ್ಲುಬೆಂಚಿನ ಮೇಲೆ ಕಂಟ್ರಾಕ್ಟರ್ ಒಬ್ಬರು ತಮ್ಮ ಬಟ್ಟೆಗೆ ಕಾಯುತ್ತ ಕೂತಿರುತ್ತಿದ್ದರು, ಅಂಗಿಯ ತೋಳಲ್ಲಿ ಒಗೆದರೂ ಹೋಗದ ಸಿಮೆಂಟಿನ ಕಲೆ. ಮೂರನೇ ಶನಿವಾರ ಅವರು ಫೋನಿನಲ್ಲಿ ಕೂಗಾಡುತ್ತಿದ್ದರು: ‘ಮೆಟ್ಟಿಲು ಅರ್ಧ ಹಾಲ್ ನುಂಗ್ತಿದೆ ಕಣಯ್ಯಾ! ಓನರ್‌ಗೆ ಏನಂತ ಹೇಳ್ಲಿ?’

ನನ್ನ ಬಾಯಿ ಸುಮ್ಮನಿರಬೇಕಲ್ಲ. ‘ಸಾರ್, ಮೆಟ್ಟಿಲನ್ನ ಹಿಂದಿನ ಮೂಲೆಗೆ ತಿರುಗಿಸಿದ್ರೆ ಹಾಲ್ ಉಳಿಯುತ್ತೆ. ಕೆಳಗೆ ಒಂದು ಬಾತ್‌ರೂಮೂ ಕೂರುತ್ತೆ.’

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಷ್ಟರಲ್ಲಿ ಅಂಕಲ್ ಕಿವಿಯ ಮೇಲಿದ್ದ ಪೆನ್ಸಿಲನ್ನು ನನ್ನತ್ತ ಚಾಚಿಯಾಗಿತ್ತು. ನಾನು ಹಳೇ ಪೇಪರಿನ ಮೇಲೆ ಬಿಡಿಸಿದೆ, ಕಂಟ್ರಾಕ್ಟರ್ ಪ್ರಶ್ನೆ ಕೇಳಿದರು, ಮತ್ತೆ ಬಿಡಿಸಿದೆ. ಅಷ್ಟೂ ಹೊತ್ತು ಅಂಕಲ್ ತಲೆ ಎತ್ತದೆ ಒಂದೇ ದಿಂಬಿನ ಕವರನ್ನು ತಿರುವಿ ತಿರುವಿ ಉಜ್ಜುತ್ತಲೇ ಇದ್ದರು.

‘ಸೋಮವಾರ ಕೋಣನಕುಂಟೆ ಸೈಟ್ ಹತ್ರ ಬರ್ತೀರಾ ಮೇಡಂ?’ ಎಂದರು ಕಂಟ್ರಾಕ್ಟರ್.

ಮನೆಗೆ ಬಂದು ಬೀರುವಿನಲ್ಲಿ ಬಟ್ಟೆ ಇಡುವಾಗಲೇ ಗೊತ್ತಾದದ್ದು, ಬಟ್ಟೆಯೆಲ್ಲ ತಣ್ಣಗಿತ್ತು. ಆಗಷ್ಟೇ ಇಸ್ತ್ರಿಯಾದ ಬಟ್ಟೆ ಹಾಗಿರುವುದಿಲ್ಲ. ಮುಂದಿನ ವಾರ ಹೋಗಿ ಹಿಡಿದೆ.

‘ಬೆಳಿಗ್ಗೇನೇ ಮುಗಿಸಿದ್ರಿ ಅಲ್ವಾ ಅಂಕಲ್?’

‘ಹೂಂ’ ಎಂದು ನಕ್ಕರು.

‘ಮತ್ತೆ ಅವರಿಗೆ ನನ್ನ ವಿಷ್ಯ ನೀವೇ ಹೇಳ್ಬಹುದಿತ್ತಲ್ಲ?’

‘ನಾನು ಹೇಳಿದ್ರೆ ಪಾಪ ಅಂತ ಕೆಲ್ಸ ಕೊಡೋರು ಮೇಡಂ. ಪಾಪ ಅಂತ ಕೊಟ್ಟಿದ್ದು ಎಷ್ಟು ದಿನ ಇರುತ್ತೆ? ಈಗ ನೀವೇ ತಗೊಂಡ್ರಿ.’

ಆ ಬೆಂಚಿನ ಪಕ್ಕ ಹೀಗೆ ಕಾದವಳು ನಾನೊಬ್ಬಳೇ ಅಲ್ಲ ಎಂದು ಆಮೇಲೆ ತಿಳಿಯಿತು. ಎದುರು ಮನೆಯ ವಕೀಲೆಗೆ ಟೈಪಿಸ್ಟ್ ಸಿಕ್ಕಿದ್ದೂ ಅಲ್ಲೇ ಅಂತೆ.

ಕೆಲಸ ಒಂದರಿಂದ ಒಂದಕ್ಕೆ ಹಬ್ಬಿತು. ಬೆಂಚಿನ ಹತ್ತಿರ ನಿಲ್ಲಲು ನನಗೆ ಪುರುಸೊತ್ತಾಗಲಿಲ್ಲ. ಬಟ್ಟೆಯನ್ನು ವಾಚ್‌ಮನ್ ಕೈಲಿ ಕಳಿಸುತ್ತಿದ್ದೆ. ‘ಮೇಡಂ ಬರಲ್ವಾ ಅಂತ ಕೇಳ್ತಿದ್ರು’ ಎಂದು ಅವನು ಬಂದು ಹೇಳುತ್ತಿದ್ದ. ಮುಂದಿನ ಶನಿವಾರ ಹೋದರಾಯಿತು ಅಂದುಕೊಳ್ಳುತ್ತಿದ್ದೆ. ಹಾಗೆಯೇ ಎರಡು ವರ್ಷ ಕಳೆಯಿತು. ಆ ಗಂಟುಗಳು ಮಾತ್ರ ಹೇಳಿದ ಹೊತ್ತಿಗೆ, ಬಿಸಿಯಾಗಿಯೇ ಬರುತ್ತಿದ್ದವು.

ಕಳೆದ ತಿಂಗಳು ಒಂದು ಬೆಳಿಗ್ಗೆ ಅಂಕಲ್ ಎದೆನೋವು ಎಂದರಂತೆ, ಆಸ್ಪತ್ರೆ ಮುಟ್ಟಲಿಲ್ಲ. ವಿಷಯ ತಿಳಿದು ಓಡಿ ಹೋದೆ. ನಾನು ಗೀಚಿಕೊಟ್ಟ ಇಳಿಜಾರಿನಲ್ಲೇ ಟಾರ್ಪಾಲು ನಿಂತಿತ್ತು. ಅದರಡಿ ಅವರ ಹೆಂಡತಿ, ಅವರು ಕೊನೆಯ ದಿನ ಮುಗಿಸಿಟ್ಟಿದ್ದ ಬಟ್ಟೆಗಳನ್ನು ಒಬ್ಬೊಬ್ಬರಿಗೇ ಕೊಡುತ್ತಿದ್ದರು. ಕಂಟ್ರಾಕ್ಟರ್ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು.

‘ನಿಮ್ದೂ ಆಗಿದೆ ಮೇಡಂ, ತಗೊಳ್ಳಿ’ ಎಂದರು ಆಕೆ.

ತೆಗೆದುಕೊಂಡೆ. ಗಂಟು ತಣ್ಣಗಿತ್ತು. ಎದೆಗೊತ್ತಿಕೊಂಡು ಅಲ್ಲೇ ನಿಂತೆ.

‘ಯಾಕೆ ಮೇಡಂ, ಏನಾದ್ರೂ ಕಮ್ಮಿ ಇದ್ಯಾ?’

‘ಇಲ್ಲಮ್ಮ, ಎಲ್ಲಾ ಇದೆ’ ಎಂದೆ. ‘ಐದು ನಿಮಿಷ ನಿಂತಿರ್ತೀನಿ.’